ಮಗ್ಗದ ಮನೆಯಲ್ಲಿ ಕಿರುಚಿ ಕೇಳಿದ ಕ್ಷಮೆ

ಕೊರೊನಾ ಮುಗಿದು ಕಾಲೇಜುಗಳೆಲ್ಲ ಮೊದಲಿನ ಹಾಗೆ ನಡೆಯಲು ಶುರುವಾದ ಮೇಲಿನ ಎರಡನೇ ವರ್ಷದ ಮಾತು. ದೊಡ್ಡಬಳ್ಳಾಪುರದ ಹತ್ತಿರದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ನಾನು ಎಂ.ಎ. ಇತಿಹಾಸದ ಮಕ್ಕಳಿಗೆ ಪಾಠ ಮಾಡುತ್ತೇನೆ. ಕೇಂದ್ರದ ಹೆಸರು ಬೇಡ, ತಪ್ಪು ಮಾಡಿದವಳು ನಾನು. ಫೇಸ್‌ಬುಕ್ಕಿನಲ್ಲಿ ನನ್ನನ್ನು ಓದುವವರಿಗೆ ಗೊತ್ತು, ಊರಿನವರ ತಪ್ಪನ್ನೆಲ್ಲ ಎತ್ತಿ ಆಡುವುದು ನನ್ನ ಹಳೇ ಚಟ. ಇವತ್ತು ನನ್ನದೇ ಸರದಿ.

ಭಾರತಿ ಅಂತ ಒಬ್ಬ ಹುಡುಗಿ. ದೊಡ್ಡಬಳ್ಳಾಪುರದವಳೇ, ಕೊನೆಯ ವರ್ಷದಲ್ಲಿದ್ದಳು, ಕೂರುತ್ತಿದ್ದದ್ದು ಕೊನೆಯ ಬೆಂಚಿನಲ್ಲಿ. ಹಿಂದಿನಿಂದ ಕರೆದರೆ ತಿರುಗುತ್ತಲೇ ಇರಲಿಲ್ಲ. ಕಾರಿಡಾರಿನಲ್ಲಿ ಎರಡು ಸಲ ನಾನು ಹೆಸರು ಹಿಡಿದು ಕೂಗಿದ್ದೇನೆ, ನೆಟ್ಟಗೆ ನಡೆದುಕೊಂಡು ಹೋಗಿಬಿಟ್ಟಿದ್ದಾಳೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಒಂದೋ ಮಿಕಮಿಕ ನೋಡುವಳು, ಇಲ್ಲವೇ ಎದ್ದು ನಿಂತು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗಿದ ಹಾಗೆ ಉತ್ತರ ಹೇಳುವಳು. ಅದೂ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡಿಕೊಂಡು.

ನಾನು ಹುಟ್ಟಿ ಬೆಳೆದದ್ದು ಜಡಿಗೇನಹಳ್ಳಿ ಕಡೆ, ಬೇಸಾಯದ ಮನೆಯಲ್ಲಿ. ನಮ್ಮಲ್ಲಿ ಹೆಣ್ಣುಮಗಳು ದೊಡ್ಡವರ ಮುಖ ನೋಡಿ ದನಿ ಎತ್ತಿದಳೆಂದರೆ ಎದುರು ಮಾತಾಡಿದಳು ಅಂತಲೇ ಲೆಕ್ಕ. ಇವಳಿಗೆ ಕೊಬ್ಬು ಜಾಸ್ತಿ ಅಂತ ನಾನೂ ತೀರ್ಮಾನ ಮಾಡಿಬಿಟ್ಟೆ. ಒಂದು ದಿನ ತಡೆಯಲಾರದೆ ಕ್ಲಾಸಿನಲ್ಲೇ ಕೇಳಿದೆ:

“ಯಾಕಮ್ಮಾ ಹಂಗ್ ಕಿರುಚ್ಕೋತೀಯ? ಪಾಠಕ್ಕೆ ಬಂದಿದೀಯಾ, ಜಗಳಕ್ಕೆ ಬಂದಿದೀಯಾ?”

ಮೂರನೇ ಬೆಂಚಿನ ಸುನಿಲ ಅನ್ನುವ ಹುಡುಗ, “ಮೇಡಂ, ಇವ್ಳಿಗ್ ಮೈಕೇ ಬೇಡ, ಮದ್ವೆ ಮನೇಗ್ ಬುಕ್ ಮಾಡ್ಬೋದು!” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೈದದ್ದಕ್ಕಿಂತ ಹೆಚ್ಚಾಗಿ ಆ ನಗುವೇ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವತ್ತಿನಿಂದ ಭಾರತಿ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಸದ್ಯ, ಬುದ್ಧಿ ಬಂತು ಅಂದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ಸೆಮಿನಾರು. ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ವಿಷಯ ಓದಿಕೊಂಡು ಬಂದು ಕ್ಲಾಸಿನ ಮುಂದೆ ನಿಂತು ಮಾತಾಡಬೇಕು. ಆ ಅಂಕ ಸೇರದಿದ್ದರೆ ಪತ್ರಿಕೆ ಪಾಸಾಗುವುದು ಕಷ್ಟ. ಭಾರತಿಯ ವಿಷಯ ನಮ್ಮ ಪಕ್ಕದ ರಾಜಘಟ್ಟದಲ್ಲಿ ಬೌದ್ಧರ ಕಾಲದ ನೆಲೆಯೊಂದನ್ನು ಅಗೆದು ತೆಗೆದ ಉತ್ಖನನ. ಬಂದಳು, ಕಾಗದ ಹಿಡಿದುಕೊಂಡಳು, ತುಟಿ ಅಲ್ಲಾಡಿಸಿದಳು. ಮುಂದಿನ ಬೆಂಚಿಗೂ ಕೇಳಿಸುತ್ತಿಲ್ಲ. ನಾನು ಎರಡು ನಿಮಿಷ ನೋಡಿದೆ, ಆಮೇಲೆ ನನ್ನ ನಾಲಿಗೆ ನನ್ನ ಕೈಯಲ್ಲಿ ಇರಲಿಲ್ಲ.

“ನನ್ ಮುಂದೆ ಅಷ್ಟ್ ಜೋರಾಗ್ ಬರೋ ಬಾಯಿ, ಸೆಮಿನಾರ್ ಅಂದ್ರೆ ಬಿದ್ದೋಯ್ತಾ? ಓದ್ಕೊಂಡ್ ಬಂದಿಲ್ಲ ಅಂತ ಒಪ್ಕೊ. ಸಾಕು, ಹೋಗ್ ಕೂತ್ಕೊ.”

ಅವಳು ಕೂರಲಿಲ್ಲ. ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಸೀದಾ ಹೊರಗೆ ಹೋದಳು. ನಾನು ಸೆಮಿನಾರಿನ ಕಾಲಂನಲ್ಲಿ ಸೊನ್ನೆ ಬರೆದೆ. ಆಮೇಲೆ ಅವಳು ಕಾಲೇಜಿಗೇ ಬರಲಿಲ್ಲ.

ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಕೊನೆಯ ದಿನ ಬಂತು. ನನ್ನ ಪಟ್ಟಿಯನ್ನು ಹಿಂದಿನ ದಿನವೇ ವಿಭಾಗದ ಮುಖ್ಯಸ್ಥರಾದ ರಂಗಸ್ವಾಮಿ ಸರ್‌ಗೆ ಕೊಟ್ಟಾಗಿತ್ತು. ಸಂಜೆ ಐದರೊಳಗೆ ಅವರು ಅದನ್ನು ಕಂಪ್ಯೂಟರಿಗೆ ಹಾಕಿ ಮುಗಿಸಬೇಕು, ಆಮೇಲೆ ಬ್ರಹ್ಮ ಬಂದರೂ ತಿದ್ದುವ ಹಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ನಾನು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ನಮ್ಮ ಅಟೆಂಡರ್ ಕೆಂಪಣ್ಣ ಬಂದು ನಿಂತರು. ರಿಟೈರ್ ಆಗಲು ವರ್ಷವೂ ಉಳಿದಿರದ ಮನುಷ್ಯ, ಊರಲ್ಲಿ ಎಲ್ಲರ ಮನೆಯೂ ಗೊತ್ತು.

“ಮೇಡಂ, ಆ ಭಾರತಿ ನೆನ್ನೆ ಟಿಸಿ ಕೇಳ್ಕೊಂಡ್ ಬಂದಿತ್ತು. ಸಹಿ ಹಾಕ್ಸಕ್ಕೆ ಇವತ್ತು ಅಪ್ಪನ್ನ ಕರ್ಕೊಂಡ್ ಬತ್ತದಂತೆ.”

“ಬಿಟ್ ಹೋಗೋರ್ನ ಹಿಡ್ಕೊಳಕ್ಕಾಗುತ್ತಾ ಕೆಂಪಣ್ಣ?”

“ಹಿಡ್ಕೊಳೋದ್ ಬ್ಯಾಡಿ. ಅವ್ರ ಮನೇಗ್ ಹೋಗಿ ಹತ್ ನಿಮಿಷ ಸುಮ್ನೆ ನಿಂತ್ಕೊಂಡ್ ಬನ್ನಿ. ಆಮೇಲ್ ಬೇಕಾದ್ರೆ ಟಿಸಿ ಕೊಡಾಣ.”

“ಅಲ್ಲೇನಿದೆ, ಬಾಯ್ಬಿಟ್ ಹೇಳಿ.”

“ನಾನ್ ಹೇಳಿದ್ರೆ ನೀವ್ ಕೇಳ್ತೀರಾ? ತಪ್ಪ್ ತಿಳ್ಕೊಬ್ಯಾಡಿ, ನೀವು ಹೇಳೋರು, ಕೇಳೋರಲ್ಲ.”

ಮೈ ಉರಿಯಿತು. ಆದರೆ ಇನ್ನೂ ಒಂದು ಸೆಮಿಸ್ಟರ್ ಬಾಕಿ ಇರುವ ಹುಡುಗಿ ಎಂ.ಎ. ಬಿಟ್ಟು ಹೋಗುತ್ತಾಳೆ, ಅದಕ್ಕೆ ಕಾರಣ ನನ್ನ ಸೊನ್ನೆ ಅನ್ನುವುದು ತಲೆಯಲ್ಲಿ ಕೊರೆಯತೊಡಗಿತು. ಸ್ಕೂಟರ್ ತೆಗೆದೆ.

ನಿಜ ಹೇಳುತ್ತೇನೆ, ಅಷ್ಟು ವರ್ಷ ದಿನಾ ದೇವನಹಳ್ಳಿಯಿಂದ ಬಂದು ಹೋಗುತ್ತಿದ್ದರೂ ನೇಕಾರರ ಬೀದಿಯೊಳಗೆ ನಾನು ಕಾಲಿಟ್ಟಿರಲಿಲ್ಲ. ಆ ಬೀದಿಗೆ ತಿರುಗಿದ ಕೂಡಲೇ ಎರಡೂ ಕಡೆಯ ಮನೆಗಳಿಂದ ಕಟಾಕಟ್ ಕಟಾಕಟ್ ಅಂತ ಮಗ್ಗಗಳ ಸದ್ದು. ನನ್ನ ಸ್ಕೂಟರಿನ ಸದ್ದೇ ನನಗೆ ಕೇಳಿಸದ ಹಾಗೆ. ಭಾರತಿಯ ಮನೆಯ ಬಾಗಿಲಲ್ಲಿ ಅವಳ ತಾಯಿ ಎದುರಾದರು.

“ಯಾರ್ ಬೇಕಾಗಿತ್ತು!” ಅಂತ ಮುಖದ ಮೇಲೇ ಕಿರುಚಿದರು.

ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಹೋದೆ. “ನಾನು ಭಾರತಿ ಕಾಲೇಜಿನ ಮೇಡಂ” ಅಂದೆ.

“ಆಂ?”

“ಕಾಲೇಜಿನ ಮೇಡಂ!”

“ಆಂ?”

“ಮೇಡಂ ರೀ, ಮೇಡಂ! ಕಾಲೇಜಿಂದ!” ಅಂತ ನಾನೂ ಕಿರುಚಿದೆ.

ಆಯಮ್ಮನ ಮುಖ ಅರಳಿತು. ಅದೇ ದನಿಯಲ್ಲಿ, “ಅಯ್ಯೋ ಬನ್ನಿ ಬನ್ನಿ ಮೇಡಂ, ಒಳಕ್ ಬನ್ನಿ!” ಅಂದರು. ದೂರದಿಂದ ನೋಡಿದವರು ನನ್ನನ್ನು ಓಡಿಸುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ಒಳಗೆ ನಡುಮನೆಯ ತುಂಬ ನಾಲ್ಕು ಪವರ್‌ಲೂಮು. ಆ ಕಡೆಯ ಮಗ್ಗದ ಹತ್ತಿರ ಭಾರತಿ ನನಗೆ ಬೆನ್ನು ಮಾಡಿಕೊಂಡು ನಿಂತಿದ್ದಳು. “ಭಾರತೀ” ಅಂತ ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಇಲ್ಲ. ಕಾರಿಡಾರಿನಲ್ಲಿ ನಡೆದಂತೆಯೇ. ಅಷ್ಟರಲ್ಲಿ ತಾಯಿ ಮಗ್ಗವನ್ನು ಸುತ್ತಿಕೊಂಡು ಹೋಗಿ ಅವಳ ಕಣ್ಣೆದುರಿಗೆ ನಿಂತು ಕೈ ಬೀಸಿ, ನನ್ನ ಕಡೆ ಬೆರಳು ತೋರಿಸಿದರು. ಇನ್ನೊಂದು ಮೂಲೆಯಿಂದ ಅವಳ ತಂದೆ ಹೆಬ್ಬೆರಳನ್ನು ತುಟಿಗೆ ಹಿಡಿದು ತೋರಿಸಿದರು, ಕಾಫಿಯಾ ಅಂತ. ತಾಯಿ ಒಂದು ಬೆರಳು ಎತ್ತಿದರು, ಒಂದು ಲೋಟ ಅಂತ. ಇಷ್ಟೂ ಮಾತುಕತೆ ಸದ್ದಿಲ್ಲದೆ ನಡೆದುಹೋಯಿತು.

ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಈ ಮನೆಯಲ್ಲಿ ಯಾರೂ ಯಾರನ್ನೂ ಹಿಂದಿನಿಂದ ಕರೆಯುವುದಿಲ್ಲ. ಎದುರಿಗೆ ಹೋಗಿ ನಿಲ್ಲುತ್ತಾರೆ. ಸನ್ನೆ ಮಾಡುತ್ತಾರೆ. ಬಾಯಿಯನ್ನೇ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಬಾಯಿ ಬಿಟ್ಟು ಹೇಳಲೇಬೇಕಾದರೆ ಕಿರುಚುತ್ತಾರೆ. ಹುಟ್ಟಿದಾಗಿನಿಂದ ಭಾರತಿ ಕಲಿತ ಮಾತು ಇದು. ನಾನು ಅದಕ್ಕೆ ಕೊಬ್ಬು ಅಂತ ಹೆಸರಿಟ್ಟಿದ್ದೆ.

ತಂದೆ ಮಗ್ಗಗಳನ್ನು ನಿಲ್ಲಿಸಿದರು. ಅಕ್ಕಪಕ್ಕದ ಮನೆಗಳ ಸದ್ದು ಮಾತ್ರ ನಡೆದೇ ಇತ್ತು. ಭಾರತಿ ನೆಲ ನೋಡುತ್ತ ನಿಂತಳು. ಎದುರಿಗೆ ಹೋಗಿ ಕೇಳಿದೆ, “ಟಿಸಿ ಯಾಕಮ್ಮಾ?”

ಅವಳಿಗಿಂತ ಮೊದಲು ತಾಯಿಯೇ ಶುರುಮಾಡಿದರು. “ಹದಿನೈದ್ ದಿನ ಕನ್ನಡಿ ಮುಂದೆ ನಿಂತ್ಕೊಂಡು ಮೆತ್ತಗ್ ಮಾತಾಡಾದ್ ಕಲೀತಾ ಇದ್ಲು ಮೇಡಂ! ಯಾಕೇ ಅಂದ್ರೆ ಹೇಳ್ನಿಲ್ಲ. ಹುಚ್ಚಿಡೀತೇನೋ ಅಂದ್ಕೊಂಡೊ!”

ಭಾರತಿ ತಲೆ ಎತ್ತಿದಳು. “ಜೋರಾಗ್ ಮಾತಾಡಿದ್ರೆ ಜಗಳಕ್ ಬಂದಿದೀಯಾ ಅಂದ್ರಿ. ಮೆತ್ತಗ್ ಮಾತಾಡಿದ್ರೆ ಓದ್ಕೊಂಡ್ ಬಂದಿಲ್ಲ ಅಂದ್ರಿ. ನಾನ್ ಎಷ್ಟ್ ಜೋರಾಗ್ ಮಾತಾಡ್ತಿದೀನಿ ಅಂತ ನಂಗೇ ಗೊತ್ತಾಗಲ್ಲ ಮೇಡಂ. ಈ ಮನೇಲಾದ್ರೆ ಯಾರೂ ನಗಲ್ಲ.”

“ತಪ್ಪಾಯ್ತು ಕಣಮ್ಮಾ” ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

“ಆಂ?” ಅಂದಳು.

ಉಸಿರು ಎಳೆದುಕೊಂಡು ಕಿರುಚಿದೆ. “ತಪ್ಪಾಯ್ತು ಕಣಮ್ಮಾ! ನನ್ ತಪ್ಪು!”

ನನ್ನ ಗ್ರಹಚಾರ ನೋಡಿ, ಸರಿಯಾಗಿ ಆ ಕ್ಷಣಕ್ಕೆ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ನಾನೊಬ್ಬಳು ಮಾತ್ರ ನಡುಮನೆಯಲ್ಲಿ “ನನ್ ತಪ್ಪು” ಅಂತ ಅರಚುತ್ತಿದ್ದೆ. ಪಕ್ಕದ ಮನೆಯ ಹೆಂಗಸು ಕಿಟಕಿಯಲ್ಲಿ ತಲೆ ಹಾಕಿ, “ಏನಾಯ್ತಕ್ಕ? ಯಾರದು?” ಅಂದಳು. ಭಾರತಿಯ ತಂದೆ, “ಏನಿಲ್ಲ ಬುಡಮ್ಮ, ನಮ್ ಪಾಪು ಮೇಡಮ್ಮೋರು ಬಂದವ್ರೆ!” ಅಂದರು. ಭಾರತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕುಬಿಟ್ಟಳು. ಆ ನಗು ನೋಡಿದ ಮೇಲೆ ನನಗೆ ಉಸಿರು ಬಂತು.

“ಸಹಿ ಹಾಕಕ್ ಬರಾಣಾಂತ ಬಿಳೀ ಶರ್ಟ್ ಇಸ್ತ್ರಿ ಮಾಡ್ಸಿದ್ದೆ ಮೇಡಮ್ಮೋರೆ. ದಂಡ ಆಯ್ತು” ಅಂದರು ತಂದೆ.

“ದಂಡ ಯಾಕ್ ಆಗುತ್ತೆ? ಅದನ್ನೇ ಹಾಕ್ಕೊಂಡ್ ಬನ್ನಿ, ಮಗಳ ಸೆಮಿನಾರ್ ಕೇಳೋರಂತೆ” ಅಂದೆ.

ಹೇಳುವುದೇನೋ ಹೇಳಿಬಿಟ್ಟೆ, ಆಮೇಲೆ ಪಟ್ಟಿ ನೆನಪಾಯಿತು. ಅಲ್ಲಿಂದಲೇ ರಂಗಸ್ವಾಮಿ ಸರ್‌ಗೆ ಫೋನ್ ಮಾಡಿದೆ. “ಹಾಕ್ತಾ ಇದೀನಿ ಮೇಡಂ, ಇನ್ನ ನಾಲ್ಕೈದ್ ಹೆಸರು, ಆಮೇಲೆ ಕಳ್ಸೋದೇ” ಅಂದರು.

“ನಿಲ್ಸಿ ಸರ್!”

“ಅಯ್ಯಪ್ಪಾ, ಕಿವಿ ಹೋಯ್ತು! ಯಾಕ್ ಮೇಡಂ ಹಂಗ್ ಕಿರುಚ್ತೀರಾ?”

ಹತ್ತು ನಿಮಿಷ ಆ ಮನೆಯಲ್ಲಿ ನಿಂತದ್ದಕ್ಕೇ ನನ್ನ ದನಿ ಹೀಗಾಗಿದ್ದರೆ, ಇಪ್ಪತ್ತೆರಡು ವರ್ಷ ಬೆಳೆದವಳ ಗತಿ ಏನು?

ಭಾರತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ. ರಂಗಸ್ವಾಮಿ ಸರ್ ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ. “ಮತ್ತೆ ಸೆಮಿನಾರ್ ಮಾಡ್ಸಿ, ಬೇಡ ಅನ್ನಲ್ಲ. ಆದ್ರೆ ಕಾರಣ ಬರೆದ್ ಕೊಡ್ಬೇಕು. ಹುಡ್ಗೀಗ್ ಅವತ್ತು ಹುಷಾರಿರ್ಲಿಲ್ಲ ಅಂತ ಬರೆದ್ಬಿಡಿ, ಸುಲಭ” ಅಂದರು.

ಸುಳ್ಳು ಹೇಳಬಾರದು, ಪೆನ್ನು ಹಿಡಿದು ಅರ್ಧ ನಿಮಿಷ ಹಾಗೇ ಬರೆಯೋಣ ಅನಿಸಿತ್ತು. ಬಾಗಿಲ ಹೊರಗೆ ಅವಳು ನಿಂತಿರುವುದು ಕಾಣುತ್ತಿತ್ತು. ಕೊನೆಗೆ, ವಿದ್ಯಾರ್ಥಿನಿಯ ಸೆಮಿನಾರನ್ನು ಪೂರ್ತಿ ಕೇಳದೆ ನಡುವೆ ನಿಲ್ಲಿಸಿದ್ದು ನನ್ನ ತಪ್ಪು ಅಂತ ಬರೆದು ಸಹಿ ಹಾಕಿದೆ. ಸರ್ ಕನ್ನಡಕದ ಮೇಲಿಂದ ನೋಡಿದರು. “ಇದು ಫೈಲಲ್ಲಿ ಇರುತ್ತೆ, ಗೊತ್ತಲ್ಲ?”

“ಇರ್ಲಿ ಬಿಡಿ ಸರ್. ನನ್ಗೇನ್ ಇನ್ನ ಗಂಡ್ ನೋಡ್ಬೇಕಾ?”

ಮಧ್ಯಾಹ್ನ ಮೂರಕ್ಕೆ ಕ್ಲಾಸು ಸೇರಿತು. ಭಾರತಿಯ ತಂದೆ ಬಿಳಿ ಶರ್ಟಿನಲ್ಲಿ ಹಿಂದಿನ ಬೆಂಚಿನ ತುದಿಯಲ್ಲಿ ಮುದುರಿ ಕೂತರು. ನಾನು ಮೊದಲು ಎದ್ದು ನಿಂತು, ಅವತ್ತು ಇವಳನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಗಿದೆ, ನಿಮಗೂ ಆಗಲಿ ಅಂದೆ. ಸುನಿಲ ತಲೆ ತಗ್ಗಿಸಿದ. ಭಾರತಿ ಶುರುಮಾಡಿದಳು, ಮತ್ತೆ ಅದೇ ಪಿಸುಮಾತು. ನಾನು ಅವಳ ಎದುರಿಗೆ ಬಂದು ನಿಂತು, ಅಂಗೈ ಮೇಲೆ ಮಾಡಿ ಎತ್ತಿ ತೋರಿಸಿದೆ. ಎತ್ತು, ಇನ್ನೂ ಎತ್ತು.

ಎತ್ತಿದಳು. ಕಿಟಕಿ ಗಾಜು ಅದುರಿರಬೇಕು. ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು “ಏನ್ ಗಲಾಟೆ ಮೇಡಂ?” ಅಂದರು. “ಸೆಮಿನಾರ್ ಸರ್, ಬನ್ನಿ ಕೂತ್ಕೊಳಿ” ಅಂದೆ. ಕೂತರು ಕೂಡ.

ರಾಜಘಟ್ಟದಲ್ಲಿ ಸಿಕ್ಕ ಮಣ್ಣಿನ ಪುಟ್ಟ ಸ್ತೂಪಗಳ ಬಗ್ಗೆ ಹೇಳುತ್ತ ಅವಳು ಅಂದದ್ದು ನನಗೆ ಬಾಯಿಪಾಠ ಬರುತ್ತದೆ. “ಒಂದೇ ಥರದ್ದನ್ನ ದಿನಾ ಕೂತ್ಕೊಂಡ್ ಯಾರೋ ಮಾಡಿದಾರೆ. ಮಾಡಿದೋರ ಹೆಸರು ನಮಗ್ ಗೊತ್ತಿಲ್ಲ. ನಮ್ಮಪ್ಪ ನೇಯೋ ಸೀರೆ ಮೇಲೂ ನಮ್ಮಪ್ಪನ ಹೆಸರಿರಲ್ಲ. ಅದಕ್ಕೇ ನಾನ್ ಈ ವಿಷ್ಯ ತಗೊಂಡೆ.” ಹಿಂದಿನ ಬೆಂಚಿನಲ್ಲಿ ಆ ಮನುಷ್ಯ ಕರವಸ್ತ್ರ ಹುಡುಕುತ್ತಿದ್ದರು. ಓದಿಕೊಂಡು ಬಂದಿಲ್ಲ, ಹೋಗಿ ಕೂತ್ಕೊ ಅಂತ ನಾನು ಅಂದದ್ದು ಇದೇ ಹುಡುಗಿಗೆ.

ನಾಲ್ಕೂವರೆಗೆ ಅವಳ ಅಂಕ ಕಂಪ್ಯೂಟರಿಗೆ ಹೋಯಿತು. ಅದು ಹೋಯಿತು ಅಂತ ಸರ್ ಹೇಳಿದ ಮೇಲೆ ನಾನು ಕುರ್ಚಿಯಲ್ಲಿ ಕೂತೆ. ಟಿಸಿ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಭಾರತಿ ಎಂ.ಎ. ಮುಗಿಸಿದಳು. ನಡುವೆ ಡಾಕ್ಟರಿಗೆ ಕಿವಿ ತೋರಿಸಿದಾಗ ಸ್ವಲ್ಪ ಮಂದವಾಗಿದೆ ಅಂದರಂತೆ, ಈಗ ಮಗ್ಗದ ಹತ್ತಿರ ಹೋದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ. ನೆಲಮಂಗಲದ ಕಡೆ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಳೆ.

ಆದರೆ ಅವತ್ತು ಸಂಜೆ ಅವಳು ಹೊರಡುವ ಮುಂಚೆ ಹೇಳಿದ ಮಾತೊಂದಿದೆ. “ಬೇಜಾರ್ ಮಾಡ್ಕೊಬೇಡಿ ಮೇಡಂ, ನೀವು ಬೋರ್ಡ್ ಕಡೆ ತಿರುಕ್ಕೊಂಡ್ ಮಾತಾಡ್ತೀರಲ್ಲ, ಅದೊಂದೂ ನಂಗ್ ಗೊತ್ತಾಗ್ತಿರ್ಲಿಲ್ಲ. ಮನೇಗ್ ಹೋಗಿ ಬುಕ್ಕಲ್ ಹುಡುಕ್ತಿದ್ದೆ.” ಒಂದೂವರೆ ವರ್ಷ. ನನ್ನ ಅರ್ಧ ಪಾಠ ಅವಳಿಗೆ ಬರೀ ನನ್ನ ಬೆನ್ನು. ಒಂದು ದಿನವೂ ದೂರು ಹೇಳಿರಲಿಲ್ಲ, ಹೇಳುವ ಹಾಗೆ ನಾನು ನಡೆದುಕೊಂಡಿರಲೂ ಇಲ್ಲ.

ಈಗ ಬೋರ್ಡಿನ ಮೇಲೆ ಬರೆಯುವಾಗ ಬಾಯಿ ಮುಚ್ಚಿಕೊಂಡು ಬರೆಯುತ್ತೇನೆ. ಬರೆದಾದ ಮೇಲೆ ತಿರುಗಿ, ಮುಖ ಕೊಟ್ಟು ಮಾತಾಡುತ್ತೇನೆ. ಪಾಠ ನಿಧಾನವಾಗುತ್ತದೆ, ಆಗಲಿ. ತಿರುಗಿ ನೋಡಿದಾಗ ಯಾವ ಮಗು ನನ್ನ ಬಾಯಿಯನ್ನೇ ನೋಡುತ್ತಿದೆ ಅಂತ ಈಗ ನನಗೆ ಕಾಣುತ್ತದೆ.