ಹೊರಗಿನ ಕಾವಲುನಾಯಿ

ಲಿಫ್ಟು ನಡೆಸುವ ಮೈಕ್ರೋಕಂಟ್ರೋಲರ್ ಚಿಪ್ ಮಂಕು ಬಡಿದು ಕೂತರೆ ಅದನ್ನು ತಟ್ಟಿ ಎಬ್ಬಿಸುವ ಪುಟ್ಟ ಸರ್ಕ್ಯೂಟನ್ನು ನಮ್ಮ ಭಾವ ಊಟದ ಮೇಜಿನ ಮೇಲೆಯೇ ಕಟ್ಟುತ್ತಾರೆ. ತಟ್ಟೆಗಳಿಗೆ ಜಾಗ ಉಳಿದರೆ ನಮ್ಮ ಪುಣ್ಯ. ಆ ಸರ್ಕ್ಯೂಟಿಗೆ ಕಾವಲುನಾಯಿ ಎಂದು ಹೆಸರು. ಮನೆಗೆ ಯಾರೇ ಬರಲಿ, ಪಾಠ ತಪ್ಪಿದ್ದಲ್ಲ: “ಚಿಪ್ ಆಗಾಗ ಹೂಂ ಅಂತಿರ್ಬೇಕು. ಅನ್ಲಿಲ್ವಾ, ನಾಯಿ ಕಚ್ಚಿ ರೀಸೆಟ್ ಮಾಡುತ್ತೆ. ಆದ್ರೆ ನಾಯಿ ಚಿಪ್‌ನ ಹೊರಗೇ ಇರ್ಬೇಕು. ಒಳಗಿಟ್ರೆ ಯಜಮಾನನ ಜೊತೆ ಅದೂ ಗೊರಕೆ ಹೊಡೆಯುತ್ತೆ!” ಕೆಲಸ ನಿಂತರೂ ಅಭ್ಯಾಸಬಲದಿಂದ ಹೂಂಗುಟ್ಟುವ ಚಿಪ್ ಸಿಕ್ಕರಂತೂ ಕೆಂಡಾಮಂಡಲ: “ಇದು ಹೂಂ ಅಲ್ಲ, ಮೋಸ!” ಅಡುಗೆಮನೆಯಿಂದ ಅಕ್ಕ ಏನೇ ಹೇಳಲಿ, ಬೆಸುಗೆಯ ಹೊಗೆಯೊಳಗಿಂದ ಇವರ ಉತ್ತರ ಮಾತ್ರ ಒಂದೇ. “ಅಂಗಿ ಉಲ್ಟಾ ಹಾಕ್ಕೊಂಡಿದೀರಿ.” “ಹೂಂ.” “ಮನೆ ಮಾರ್ಬಿಡೋಣ್ವಾ?” “ಹೂಂ.” ಮೊನ್ನೆ ಸಂಜೆ ನಾನೂ ಅಲ್ಲೇ ಇದ್ದೆ. “ಸೋಮವಾರ ಆಪರೇಷನ್ ಅಂದ್ರು ಡಾಕ್ಟ್ರು,” ಎಂದಳು ಅಕ್ಕ. “ಹೂಂ.” ಅವಳು ಸದ್ದಿಲ್ಲದೆ ಹೊರಗೆ ಹೋಗಿ ಮೇನ್ ಸ್ವಿಚ್ ಆರಿಸಿದಳು. ಕತ್ತಲಾಯಿತು. ಭಾವ ತಲೆಯೆತ್ತಿದರು. “ಏನಂದೆ? ಆಪರೇಷನ್ನಾ? ನಿಂಗಾ?” ಸ್ವಿಚ್ಚಿನ ಪಕ್ಕದಲ್ಲೇ ನಿಂತು ಅಕ್ಕ ಅಂದಳು: “ಹೂಂ.”