ಬುತ್ತಿಗೆ ಕೈ ಹಾಕುವ ನಾಗಮ್ಮ ಸಿಸ್ಟರ್

ನಾಗಮ್ಮ ಸಿಸ್ಟರ್ ರೋಗಿಯ ನಾಡಿ ಹಿಡಿಯುವ ಮೊದಲು ಬುತ್ತಿಗೆ ಕೈ ಹಾಕುತ್ತಿದ್ದರು. ಕೇಳುವುದಿಲ್ಲ, ಹೇಳುವುದಿಲ್ಲ, ಚೀಲದಿಂದ ಡಬ್ಬಿ ಎತ್ತಿ, ಮುಚ್ಚಳ ತೆಗೆದು ಮೂಸಿ, "ನಿನ್ನೆ ಸಾರಾ ಇದು?" ಎಂದು ವಿಚಾರಣೆ ಶುರು. ಕುಮಳಿ ಘಾಟಿಯ ಕೆಳಗೆ, ಗೂಡಲೂರಿನ ಹತ್ತಿರದ ಆ ಆಸ್ಪತ್ರೆಗೆ ಹೊಸ ಡಾಕ್ಟರಾಗಿ ಹೋಗಿದ್ದ ನನಗೆ ಇದು ಅಧಿಕಪ್ರಸಂಗ ಅನ್ನಿಸುತ್ತಿತ್ತು. ಹೊರಗೆ ಅಷ್ಟು ಜನ ಕಾದಿರುವಾಗ ಇವರಿಗೆ ಸಾರಿನ ಚಿಂತೆ! "ಅಕ್ಕಾ, ಬಿ.ಪಿ. ನೋಡಿ ಸಾಕು" ಎಂದರೆ, "ನೋಡ್ತೀನ್ ಇರು ಕಣ್ಣು, ಅದೆಲ್ಲಿಗ್ ಓಡೋಯ್ತದೆ?" ಎನ್ನುವರು. ಡಾಕ್ಟರನ್ನು ಆ ಕಡೆಯ ತಮಿಳರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ 'ಕಣ್ಣು' ಎಂದು ಕರೆಯುವ ಧೈರ್ಯ ಅವರೊಬ್ಬರಿಗೇ ಇತ್ತು.

ಒಂದು ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕುಮಳಿ ಘಾಟಿಯಿಂದ ಜೀಪೊಂದು ಇಳಿದು ಬಂತು. ಏಲಕ್ಕಿ ತೋಟದ ಕೂಲಿಗೆ ಹೋಗಿದ್ದ ಕೆಂಚಮ್ಮ ಎಚ್ಚರ ತಪ್ಪಿದ್ದಳು. ಅವಳ ಸಕ್ಕರೆ ಕಾಯಿಲೆಗೆ ಮಾತ್ರೆ ಬರೆದುಕೊಟ್ಟವಳು ನಾನೇ. ಈಗ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಏರಿಸಿದೆವು. ಅವಳು ಕಣ್ಣು ಬಿಟ್ಟದ್ದೇ ನಾನು ರೇಗಿದೆ: "ಮಾತ್ರೆ ನುಂಗಿ ಉಪವಾಸ ಇರ್ತಾರಾ? ಎಷ್ಟು ಸಲ ಹೇಳೋದು!" ಅವಳು ತಪ್ಪು ಮಾಡಿದವಳಂತೆ ಮುಖ ತಿರುಗಿಸಿದಳು.

ನಾಗಮ್ಮ ಅವಳ ಡಬ್ಬಿ ಎತ್ತಿದರು. ಅನ್ನ ಕಟ್ಟಿದ್ದು ಕಟ್ಟಿದಂತೇ ಇತ್ತು.

"ಜೀಪು ಎಷ್ಟೊತ್ತಿಗೆ ತಾಯಿ?"

"ಒತ್ತಾರೆ ಐದಕ್ಕೆ."

"ಮಾತ್ರೆ?"

"ಜೀಪು ಏರೋಕ್ ಮುಂದೆ. ಡಾಕ್ಟ್ರಮ್ಮ ಒತ್ತಾರೆ ಅಂದವ್ರೆ."

"ಉಂಬೋದು?"

"ಹತ್ತಕ್ಕೆ. ಮೇಸ್ತ್ರಿ ವಿಸಿಲ್ ಹಾಕಿದ್ಮೇಲೆ."

ನಾನು ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು. ಪಾಲಿಸಿಯೇ ಸಾಯುವುದರಲ್ಲಿದ್ದಳು. ನಾಗಮ್ಮ ಡಬ್ಬಿ ಮುಚ್ಚಿ ಅವಳ ಪಕ್ಕದಲ್ಲಿಟ್ಟರು. "ಇನ್ಮೇಲೆ ಮಾತ್ರೆನೂ ಬುತ್ತಿ ಜೊತೆ ಕಟ್ಕೋ. ವಿಸಿಲ್ ಆದ್ಮೇಲೆ ನುಂಗು, ಕೂಡ್ಲೆ ಉಣ್ಣು" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ಸರಿಯಾ ಕಣ್ಣು?" ಎಂದರು. ನಾಚಿಕೆಯಿಂದ ತಲೆಯಾಡಿಸಿದೆ.

ಆಮೇಲೆ ನಾನೂ ಎಲ್ಲರನ್ನೂ ಕೇಳತೊಡಗಿದೆ: ಅಡುಗೆ ಯಾರದು, ಯಾವ ಜೀಪು, ಮನೆಯಲ್ಲಿ ಯಾರಿದ್ದಾರೆ. ನಾಗಮ್ಮನ ಕಿವಿಗೆ ಬೀಳಲೆಂದು ಜೋರಾಗಿಯೇ ಕೇಳುತ್ತಿದ್ದೆ.

ಅವರನ್ನು ಕೊನೆಯ ಸಲ ನೋಡಿದ್ದು ನಿವೃತ್ತಿಯ ದಿನ. ಶಾಲು, ಹಾರ ಎಲ್ಲ ಮುಗಿದ ಮೇಲೆ ಅವರೂರು ಓಡೈಪಟ್ಟಿಯ ಬಸ್ಸಿಗೆ ಬಿಡಲು ಹೋಗಿದ್ದೆ. ಸುಮ್ಮನೆ ಮಾತಿಗೆಂದು ಕೇಳಿದೆ: "ಮನೆಯಲ್ಲಿ ಯಾರಿದ್ದಾರೆ ಅಕ್ಕಾ?"

ಅವರು ನನ್ನ ಕಡೆ ತಿರುಗಿದರು.

"ಮಗಳವ್ಳೆ. ಮೂವತ್ತು ವರ್ಸ. ಎದ್ದು ಕೂರಾಕಾಗಲ್ಲ. ಉಣ್ಸಿ, ಮೈ ತೊಳ್ದು, ನನ್ ತಂಗಿ ಕೈಗೆ ಬಿಟ್ಟು ಬತ್ತಿದ್ದೆ."

ಆರು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದ್ದೆ. ಅವರನ್ನು ಮಾತ್ರ ಇದನ್ನು ಕೇಳಿರಲಿಲ್ಲ. "ಅವಳ ಹೆಸರೇನಕ್ಕಾ?" ಎಂದೆ.

ಬಸ್ಸು ಬಂತು. ಹತ್ತಲೆಂದು ಎದ್ದ ನಾಗಮ್ಮ ಮತ್ತೆ ಕೂತರು. "ಮುಂದಿನದ್ರಲ್ಲಿ ಹೋಯ್ತೀನಿ" ಎಂದು ಕಲ್ಲುಬೆಂಚಿನ ಮೇಲೆ ನನಗೂ ಜಾಗ ಮಾಡಿ, ಮಗಳ ಹೆಸರು ಹೇಳಿದರು.