ಮುರ್ಬಾಡ್ ರಸ್ತೆಯ ಎರಡು ಟಾಂಕಿ ವೈನ್

2012ರ ಏಪ್ರಿಲಿನ ಒಂದು ಬೆಳಿಗ್ಗೆ ನಾನು ಮತ್ತು ಮಾವ ಕೋಪರಖೈರಣೆಯಲ್ಲಿ ಠಾಣೆ ಲೋಕಲ್ ಹತ್ತಿದೆವು. ಕಲ್ಯಾಣದಾಚೆ ಒಂದು ಕುಟುಂಬ ತಯಾರಿಸುತ್ತಿದ್ದ ಕೆಂಪು ವೈನನ್ನು ನಮ್ಮ ಠಾಣೆಯ ಹೋಟೆಲಿಗೆ ತರಿಸಬೇಕೇ ಎಂದು ನೋಡಿಬರುವ ಪ್ರಯಾಣವದು. ರುಚಿ ನೋಡಬೇಕಾಗಿದ್ದ ನನ್ನ ಗಂಡ ಜ್ವರದಲ್ಲಿ ಮಲಗಿದ್ದರು. ಮಾವ ಉಡುಪಿಯಿಂದ ಬಂದು ವರ್ಷಗಟ್ಟಲೆ ಮದ್ಯ ಬಡಿಸುವ ಪರ್ಮಿಟ್ ರೂಮ್ ನಡೆಸಿದರೂ ಒಂದು ಹನಿ ಕುಡಿದವರಲ್ಲ.

ಐರೋಲಿ ದಾಟುವಾಗ ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಸುಜಾತಾ, ಇವತ್ತು ನೀನೇ ಕುಡಿದು ಹೇಳ್ಬೇಕು."

"ನಾನಾ, ಮಾವಾ?"

"ನೀವಿಬ್ಬರು ಮನೆಯಲ್ಲಿ ತೆಗೊಳ್ಳುವುದು ನಂಗೆ ಗೊತ್ತುಂಟು."

ಠಾಣೆ ಬರುವವರೆಗೆ ನಾನು ತಲೆಯೆತ್ತಲಿಲ್ಲ.

ಅಲ್ಲಿಂದ ಫಾಸ್ಟ್ ಲೋಕಲಿನಲ್ಲಿ ಕಲ್ಯಾಣ. ಸ್ಟೇಷನ್ ಹೊರಗೆ ವಡಾಪಾವ್ ತಿಂದು ಮುರ್ಬಾಡ್ ಎಸ್ಟಿ ಬಸ್ಸು ಹಿಡಿದೆವು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಇಳಿದಲ್ಲಿ ಸಾವಿತ್ರಿಯವರು ಕೊಡೆ ಹಿಡಿದು ಕಾಯುತ್ತಿದ್ದರು. ವಿಜಯಪುರ ಕಡೆಯವರು, ತವರಿನಲ್ಲಿ ದ್ರಾಕ್ಷಿ ತೋಟ. ಇಲ್ಲಿ ಗಂಡ ಬಸವರಾಜರೊಂದಿಗೆ ನಾಸಿಕದ ಹಣ್ಣು ತರಿಸಿ ವೈನ್ ಮಾಡುತ್ತಿದ್ದರು.

ರಸ್ತೆ ಬದಿಯ ಷೆಡ್ಡಿನೊಳಗೆ ತಂಪು ಯಂತ್ರ ಗುಂಯ್‌ಗುಡುತ್ತಿತ್ತು. ಆ ವರ್ಷದ ವೈನೆಲ್ಲ ಎರಡೇ ಉಕ್ಕಿನ ಟಾಂಕಿಗಳಲ್ಲಿತ್ತು.

"ಹೊರಗಿನ ಯೀಸ್ಟ್ ಹಾಕಂಗಿಲ್ರಿ, ಸೋಸಂಗೂ ಇಲ್ಲ. ಹಣ್ಣು ತಾನ ಹುದುಗ್ತೈತಿ. ತಳದಾಗ ಗಷ್ಟು ಕೂಡ್ತೈತಂತ ಹೋದ ವರ್ಷ ಅಂಗಡಿಯವ್ರು ಬಾಟ್ಲಿ ವಾಪಸ್ ಕಳಿಸಿದ್ರು," ಎಂದರು ಸಾವಿತ್ರಿ. "ಈ ಸಲಾನೂ ಹೋಗಲಿಲ್ಲಂದ್ರ ಬಾಗ್ಲಾ ಹಾಕೂದ."

ಮೊದಲ ಟಾಂಕಿಯದು ತೆಳುಗೆಂಪು, ಸ್ವಲ್ಪ ಮಬ್ಬು. ಮಾವ ಲೋಟವನ್ನು ಬೆಳಕಿಗೆ ಹಿಡಿದು, "ಪುನರ್ಪುಳಿ ಶರಬತ್ತಿನ ಹಾಗೆ ಉಂಟಲ್ಲ ಮಾರಾಯ್ರೆ," ಎಂದರು. ನಾನು ಕುಡಿದೆ. ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟಿತು. ಆಮೇಲೆ ನೇರಳೆ ಹಣ್ಣಿನ ಒಗರು. ಭಾರವಿಲ್ಲ, ಅಮಲಿನ ಘಾಟಿಲ್ಲ. ನಮ್ಮ ಅಂಜಲ್ ಮೀನಿನ ಫ್ರೈ ಜೊತೆ ಚೆನ್ನಾಗಿ ಹೋಗುತ್ತದೆ ಎನಿಸಿತು, ಹಾಗೇ ಹೇಳಿದೆ.

ಎರಡನೆಯದನ್ನು ಮೂಗಿನ ಹತ್ತಿರ ತಂದಾಗ ಕೈ ನಿಂತಿತು. ಸಾವಿತ್ರಿ ನನ್ನ ಮುಖವನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು.

"ಅಕ್ಕಾ, ಇದು ವಿನೆಗರ್ ವಾಸನೆ ಬರ್ತಾ ಉಂಟು."

ಬಸವರಾಜರು, "ಹೊಸಾದು, ಹಂಗ ಇರ್ತೈತ್ರಿ," ಎಂದರು. ಸಾವಿತ್ರಿ ನನ್ನ ಕೈಯಿಂದ ಲೋಟ ಇಸಿದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು.

"ಇಲ್ರೀ. ಕೆಟ್ಟೈತಿ."

ಮಾವ ಮೊದಲ ಟಾಂಕಿಯ ಕಡೆ ಕೈ ತೋರಿಸಿ, "ಮೊದಲಿನದ್ದು ಪೂರಾ ನಮಗೇ ಇರ್ಲಿ. ಗಷ್ಟಿನ ವಿಷಯ ಗಿರಾಕಿಗಳಿಗೆ ಇವಳು ಹೇಳ್ತಾಳೆ," ಎಂದರು. "ಇದನ್ನು ವಿನೆಗರಿಗಾದ್ರೂ ಇಟ್ಕೊಳ್ಳಿ."

"ಬ್ಯಾಡ್ರೀ ಕಾಕಾ. ಇದು ಇಲ್ಲೇ ಇದ್ರ ಆ ಚೊಲೋ ಟಾಂಕಿಗೂ ಇದರ ಹುಳಿ ತಗಲ್ತೈತಿ."

ಅವರು ಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಟೆವು. ಬಸ್ಸು ತಿರುವಿನಲ್ಲಿ ನಿಧಾನಿಸಿದಾಗ ಹಿಂತಿರುಗಿ ನೋಡಿದೆ. ಷೆಡ್ಡಿನ ಬಾಗಿಲಿನಿಂದ ಕೆಂಪು ನೀರು ಮೋರಿಗೆ ಹರಿಯುತ್ತಿತ್ತು. ಬಸವರಾಜರು ಪೈಪು ಹಿಡಿದಿದ್ದರು. ಸಾವಿತ್ರಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಉಳಿದದ್ದನ್ನು ಪೊರಕೆಯಿಂದ ಜೋರಾಗಿ ಹೊರಗೆ ತಳ್ಳುತ್ತಿದ್ದರು.